ಕೊಳೆಯದ ಹಣ್ಣಿನ ಸಾರು

ಆ ಬೆಳಗ್ಗೆ ನಾಗರಾಜನ ಹೊಟ್ಟೆಯಲ್ಲಿ ಎದ್ದ ಕಳವಳವನ್ನು ಬಾಕ್ಸುಗಳಿಗೆ ತುಂಬಿ ಮೊಳೆ ಹೊಡೆದಿದ್ದರೆ ವಡ್ಡಹಳ್ಳಿಯ ಟೊಮೇಟೊ ಮಾರುಕಟ್ಟೆಯಿಂದ ಕಲ್ಕತ್ತಾಕ್ಕೆ ಎರಡು ಲಾರಿ ಲೋಡಾಗುತ್ತಿತ್ತು, ಮಿಕ್ಕಿದ್ದನ್ನು ಮದರಾಸಿಗೆ ಕಳಿಸಬಹುದಿತ್ತು. ಮುಳಬಾಗಿಲಿನ ಮೇಲಿನ ಬೀದಿಯ ತನ್ನ ಮನೆಯ ನಡುಮನೆಯಲ್ಲಿ, ಸಾಲಾಗಿ ಹಾಕಿದ ಮಣೆಗಳ ಕೊನೆಯ ಮಣೆಯ ಮೇಲೆ, ಒದ್ದೆ ಪಂಚೆ ಉಟ್ಟು, ಬೆರಳಿಗೆ ದರ್ಭೆಯ ಪವಿತ್ರ ಸಿಕ್ಕಿಸಿಕೊಂಡು ಅವನು ಕೂತಿದ್ದ. ಮುಂದೆ ಕಲಶ, ಮಾವಿನೆಲೆ, ಬಟ್ಟಲಲ್ಲಿ ಪಂಚಗವ್ಯ. ಪಂಚಗವ್ಯದ ವಾಸನೆ ಎಂಥದೆಂದು ತಿಳಿದವರಿಗೆ ಹೇಳಬೇಕಾಗಿಲ್ಲ, ತಿಳಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಅವನ ತಂದೆ ನರಹರಿ ಶಾಸ್ತ್ರಿಗಳು, ಮಂತ್ರ ಶುರು ಮಾಡಿದರೆ ಆಂಜನೇಯನ ಗುಡಿಯ ಗಂಟೆ ತಾನಾಗಿ ನಾಚಿ ಸುಮ್ಮನಾಗುತ್ತದೆ ಎನ್ನುವಂಥ ಗಂಟಲಿನವರು, ಸಂಕಲ್ಪಕ್ಕೆ ಸಿದ್ಧವಾಗುತ್ತಿದ್ದರು. ಸಂಕಲ್ಪ ಇಷ್ಟೇ: ಈ ಮನೆಯಲ್ಲಿ ಕಾರ್ತೀಕ ಮಾಸದ ಸತ್ಯನಾರಾಯಣ ಪೂಜೆಯ ದಿನ ಮಾಡಿದ ಸಾರಿನಲ್ಲಿ ಅಮೆರಿಕಾದ ಟೊಮೇಟೊ ಬಿದ್ದಿತ್ತು, ಅಮೆರಿಕಾದ ಟೊಮೇಟೊದಲ್ಲಿ ಮೀನು ಸೇರಿತ್ತು, ಆದ್ದರಿಂದ ಆ ಸಾರು ಉಂಡ ಸಕಲರಿಗೂ ಶುದ್ಧಿಯಾಗಲಿ. ಉಂಡ ಸಕಲರೂ ಸಾಲಿನಲ್ಲಿ ಕೂತಿದ್ದರು. ಆ ಟೊಮೇಟೊ ಅಮೆರಿಕಾದ್ದಲ್ಲ ಎಂಬುದು ಭೂಮಂಡಲದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬನ ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕಿ ಮಣೆಯ ಕೆಳಗೆ ಒಂದು ಸಣ್ಣ ಕೆರೆಯಾಗಿತ್ತು. ಅದರೊಳಗೆ ಒಂದು ಇರುವೆ ಈಜುತ್ತಿತ್ತು. ಈ ಇರುವೆಯಷ್ಟಾದರೂ ಧೈರ್ಯ ತನಗೆ ಬೇಡವೇ ಎಂದುಕೊಂಡು ಅವನು ಅದನ್ನೇ ನೋಡುತ್ತಿದ್ದ.

ಸುಳ್ಳು ಹೇಳಬೇಕೆಂದು ಹೊರಟು ಅವನು ಆ ಸುಳ್ಳು ಹೇಳಿರಲಿಲ್ಲ. ಅವನಿಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತಿದ್ದ ಸಂಗತಿ ಅದೇ. ಶಾಸ್ತ್ರಿಗಳ ಮಗ, ಬಿ.ಕಾಂ. ಓದಿದವನು, ವಡ್ಡಹಳ್ಳಿಯ ಟೊಮೇಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಬೆಳಗಿನ ಜಾವ ಹರಾಜು ಮುಗಿಯುವ ಹೊತ್ತಿಗೆ ಅವನ ಬೆರಳುಗಳೆಲ್ಲ ಕೆಂಪಾಗಿ, ಅಂಗಿಯ ತುಂಬ ಒಡೆದ ಹಣ್ಣಿನ ರಸ ಅಂಟಿ, ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ತಿರುಗಿಸುತ್ತಿದ್ದರು. ಒಂದು ದಿನ ಹಾಗೆ ಬಸ್ಸಿಳಿದು ಬೀದಿಯೊಳಗೆ ಬರುವಾಗ ಭಜನೆ ಮಂದಿರದ ಕಟ್ಟೆಯ ಮೇಲೆ ಸೀತಾರಾಮಯ್ಯನವರು ಯಾರೋ ಬೆಂಗಳೂರಿನ ನೆಂಟರ ಜೊತೆ ಕೂತಿದ್ದರು. ಸೀತಾರಾಮಯ್ಯನವರೆಂದರೆ ಬೀದಿಯ ರಾಮೋತ್ಸವದ ಯಜಮಾನರು, ಎದುರು ಮನೆಯ ಪದ್ದಕ್ಕನ ಗಂಡ. ಅವರ ಒಪ್ಪಿಗೆಯಿಲ್ಲದೆಯೂ ಆ ಬೀದಿಯಲ್ಲಿ ಸೂರ್ಯ ಹುಟ್ಟುತ್ತಿದ್ದ, ಆದರೆ ಸ್ವಲ್ಪ ಅಳುಕಿನಿಂದ ಹುಟ್ಟುತ್ತಿದ್ದ. ಇವನು ನಮ್ಮ ಶಾಸ್ತ್ರಿಗಳ ಮಗ, ಟಮಾಟ ಲೆಕ್ಕ ಬರೀತಾನೆ ಎಂದು ಅವರು ನೆಂಟರಿಗೆ ಪರಿಚಯ ಮಾಡಿಕೊಟ್ಟರು. ನೆಂಟರು ನಕ್ಕರು. ಕೆಟ್ಟ ನಗೆಯೇನಲ್ಲ. ಮಗು ಎಡವಿದಾಗ ನಗುತ್ತಾರಲ್ಲ, ಅಷ್ಟೇ. ಆದರೆ ಆ ನಗೆ ನಾಗರಾಜನ ಬೆನ್ನಿಗೆ ಅಂಟಿಕೊಂಡು ಮನೆಯವರೆಗೂ ಬಂತು, ಅವನ ಜೊತೆ ಕಾಲು ತೊಳೆಯಿತು, ಅವನ ಜೊತೆ ಕಾಫಿ ಕುಡಿಯಿತು. ಆಗಲೇ ಪದ್ದಕ್ಕ ಕರಿಬೇವು ಕೇಳಲು ಒಳಗೆ ಬಂದದ್ದು, ಗೋಡೆಯ ಗೂಡಿನಲ್ಲಿ ಕೂತಿದ್ದ ಟೊಮೇಟೊವನ್ನು ಕಂಡು ಇದೇನು ಇನ್ನೂ ಹಾಗೇ ಇದೆ, ಹೋದ ವಾರವೂ ಇತ್ತಲ್ಲ ಎಂದದ್ದು. ಅದು ಹೋಳೂರಿನ ಗಂಗುಲಪ್ಪನ ತೋಟದ ಹಣ್ಣು. ಯಾವುದೋ ಹೈಬ್ರಿಡ್ ಬೀಜ, ಎಮ್ಮೆಯ ಚರ್ಮದಂಥ ಸಿಪ್ಪೆ, ಲಾರಿಯಡಿ ಸಿಕ್ಕಿದರೂ ಟೈರಿಗೇ ನೋವಾಗುವಂಥದು. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು. ನಾಗರಾಜನ ಬಾಯಿ ಮಾತ್ರ ಅವನನ್ನು ಒಂದು ಮಾತೂ ಕೇಳದೆ, ಇದು ಅಮೆರಿಕಾದ್ದು ಪದ್ದಕ್ಕ, ಕೊಳೆಯೋದೇ ಇಲ್ಲ, ಅಲ್ಲಿ ವಿಜ್ಞಾನಿಗಳು ಹಣ್ಣಿನ ಗುಣವನ್ನೇ ಬದಲಾಯಿಸಿ ಬೆಳೆಸಿದಾರೆ, ಬೀಜದ ಕಂಪನಿಯ ಸಾಹೇಬರು ನನಗೊಬ್ಬನಿಗೇ ಅಂತ ಒಂದು ಕೊಟ್ಟರು ಎಂದುಬಿಟ್ಟಿತು.

ಅಂಥ ಹಣ್ಣೊಂದು ಅಮೆರಿಕಾದಲ್ಲಿ ಇದ್ದದ್ದು ನಿಜ. ನಾಲ್ಕೈದು ವರ್ಷದ ಹಿಂದೆ ಅವನೇ ಯಾವುದೋ ಪತ್ರಿಕೆಯಲ್ಲಿ ಓದಿದ್ದ. ಆಮೇಲೆ ವ್ಯಾಪಾರ ಗಿಟ್ಟದೆ ಅಮೆರಿಕಾದ ಅಂಗಡಿಗಳಿಂದಲೂ ಅದು ಮರೆಯಾಗಿತ್ತು. ಅಮೆರಿಕಾದಲ್ಲೇ ಇಲ್ಲವಾದ ಹಣ್ಣು ಇಡೀ ಪ್ರಪಂಚದಲ್ಲಿ ಮುಳಬಾಗಿಲಿನ ಮೇಲಿನ ಬೀದಿಯ ಒಂದು ಗೂಡಿನಲ್ಲಿ ಮಾತ್ರ ಉಳಿಯಿತು. ಅದನ್ನು ನೋಡಲು ಮೊದಲು ಬೀದಿಯವರು ಬಂದರು, ಆಮೇಲೆ ಕೆಳಗಿನ ಬೀದಿಯವರು, ಆಮೇಲೆ ಶ್ರೀನಿವಾಸಪುರದಿಂದ ನೆಂಟರ ಮನೆಗೆ ಬಂದವರು, ಕೊನೆಗೆ ಮಾಲೂರಿನಿಂದ ಅದಕ್ಕೇ ಎಂದು ಬಸ್ಸು ಹತ್ತಿದವರು. ಬಂದವರು ಮುಟ್ಟಿ, ಮೂಸಿ, ಒಬ್ಬರಂತೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದರು. ಪ್ರತಿ ಸಲ ಹೇಳುವಾಗಲೂ ಸಾಹೇಬರ ಕಾರು ಉದ್ದವಾಯಿತು, ಹಣ್ಣಿಟ್ಟಿದ್ದ ಡಬ್ಬಿಗೆ ಹತ್ತಿಯ ಮೆತ್ತೆ ಬಂತು, ಹತ್ತಿ ಹೋಗಿ ಮಖಮಲ್ಲಾಯಿತು. ರಾಯಚೂರಿನ ಕಡೆ ರೈತರು ಹೀಗೇ ಗುಣ ಬದಲಾಯಿಸಿದ ಹೊಸ ಹತ್ತಿಯ ಗಿಡ ಕಿತ್ತು ಬೆಂಕಿ ಹಾಕಿದ ಸುದ್ದಿ ಬಂದಾಗಲಂತೂ ಜನ ನಾಗರಾಜನನ್ನೇ ಅಭಿಪ್ರಾಯ ಕೇಳಿದರು. ಅವನು ಕಣ್ಣು ಅರ್ಧ ಮುಚ್ಚಿ, ಎರಡೂ ಕಡೆ ನ್ಯಾಯವಿದೆ ಎಂದಿದ್ದ. ಬೆನ್ನಿಗೆ ಅಂಟಿದ್ದ ಆ ನಗೆ ಯಾವಾಗ ಉದುರಿ ಬಿತ್ತೋ ಅವನಿಗೆ ತಿಳಿಯಲೇ ಇಲ್ಲ. ಮಂಡಿಗೆ ಹೋಗುವಾಗ ಎದೆ ಒಂದಂಗುಲ ಮುಂದೆ ಹೋಗುತ್ತಿತ್ತು, ಅವನು ಹಿಂದಿನಿಂದ ಬರುತ್ತಿದ್ದ.

‘ಪವಿತ್ರ ಸರಿ ಮಾಡ್ಕೊಳ್ಳೋ,’ ಎಂದರು ಶಾಸ್ತ್ರಿಗಳು. ನಾಗರಾಜ ಬೆರಳು ನೋಡಿಕೊಂಡ. ದರ್ಭೆ ಬೆವರಿಗೆ ಜಾರಿತ್ತು. ಸಾಲಿನ ಮೊದಲ ಮಣೆಯಲ್ಲಿ ಸೀತಾರಾಮಯ್ಯನವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆ ಹೊಟ್ಟೆಗೆ ಸತ್ಯನಾರಾಯಣ ಪೂಜೆಯ ದಿನ ಮೂರು ಸಲ ಸಾರು ಇಳಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂದು ಗೂಡು ಖಾಲಿ ಕಂಡು ಅವನು ಅಡಿಗೆಮನೆಗೆ ಓಡಿದ್ದ. ಅಮ್ಮ ರಾಧಮ್ಮ, ಯಾವ ಪದಾರ್ಥವೂ ಸುಮ್ಮನೆ ಕೂತಿರುವುದನ್ನು ಸಹಿಸದವಳು, ಪೂಜೆಗೆ ಬಂದವರಿಗೆ ಅಮೆರಿಕಾದ್ದೂ ಒಂದು ರುಚಿ ಗೊತ್ತಾಗಲಿ ಅಂತ ಕಿವುಚಿ ಹಾಕಿದೆ ಕಣೋ ಎಂದಿದ್ದಳು. ತಪ್ಪಲೆಯಲ್ಲಿ ಸಾರು ಉಕ್ಕಿ ಬರುತ್ತಿತ್ತು. ರಾಧಮ್ಮನ ಸಾರೆಂದರೆ ಸಾಮಾನ್ಯವಲ್ಲ. ಇಂಗಿನ ಒಗ್ಗರಣೆ ಬಿದ್ದರೆ ನರಸಿಂಹತೀರ್ಥದಲ್ಲಿ ಸ್ನಾನ ಮಾಡುತ್ತಿರುವವರು ಅರ್ಧ ಸ್ನಾನಕ್ಕೇ ಎದ್ದು ಬರಬೇಕು, ಗೌನಿಪಲ್ಲಿಯಲ್ಲಿ ಜ್ವರ ಬಂದು ಮಲಗಿದವನು ಬಾಯಿ ಚಪ್ಪರಿಸಬೇಕು. ಆ ಬೀದಿಗೆ ಮದುವೆಯಾಗಿ ಬಂದ ವರ್ಷದಿಂದ ರಾಮೋತ್ಸವದ ಸಮಾರಾಧನೆಗೆ ಸಾರಿನ ಹಂಡೆಯ ಮುಂದೆ ಸೌಟು ಹಿಡಿದು ನಿಂತವಳು ಅವಳೊಬ್ಬಳೇ. ಅಂಥ ಸಾರಿಗೆ ಅಂಥ ಹಣ್ಣು ಬಿದ್ದದ್ದನ್ನು ನಾಗರಾಜ ಊಟದ ಸಾಲಿನಲ್ಲಿ ತಾನೇ ನಿಂತು ಸಾರಿದ್ದ. ಆಗ ಅವನಿಗಿದ್ದ ಹೆಮ್ಮೆಯನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತಿತ್ತು.

ಮಾಘದಲ್ಲಿ ಒಂದು ದಿನ ಸೀತಾರಾಮಯ್ಯನವರು ಕಟ್ಟೆಯ ಮೇಲೆ ಇಂಗ್ಲಿಷ್ ಪತ್ರಿಕೆಯನ್ನು ಎಂದಿನಂತೆ ಮೂರು ಬೀದಿಗೆ ಕೇಳುವ ಹಾಗೆ ಓದುತ್ತಿದ್ದವರು ನಡುವೆ ನಿಲ್ಲಿಸಿದರು. ಬೀದಿಯಲ್ಲಿ ಹಸುಗಳು ಸಹ ಮೆಲುಕು ನಿಲ್ಲಿಸಿದವು. ಅಮೆರಿಕಾದಲ್ಲಿ ಚಳಿಗೆ ಹಣ್ಣು ಕೆಡದಿರಲಿ ಎಂದು ಸಮುದ್ರದ ಮೀನಿನ ಗುಣವೊಂದನ್ನು ತೆಗೆದು ಟೊಮೇಟೊ ಗಿಡಕ್ಕೆ ಸೇರಿಸಿ ನೋಡಿದ್ದರಂತೆ. ಅದು ಬೇರೆ ಹಣ್ಣು, ಪ್ರಯೋಗದ ಹೊಲ ದಾಟಿ ಅಂಗಡಿಯ ಮುಖ ನೋಡಿದ್ದಲ್ಲ ಎಂದೂ ಆ ಪತ್ರಿಕೆಯ ಕೆಳಗಿನ ಸಾಲುಗಳಲ್ಲಿ ಇತ್ತು. ಅಷ್ಟರಲ್ಲಿ ಸೀತಾರಾಮಯ್ಯನವರ ಕೈ ಹೊಟ್ಟೆಯ ಮೇಲೆ ಹೋಗಿತ್ತು, ಕಣ್ಣು ಕೆಳಗಿನ ಸಾಲಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಪದ್ದಕ್ಕ ನಮ್ಮ ಬಾವಿಯಲ್ಲಿ ಎಷ್ಟು ನೀರಿದ್ದರೆ ತಾನೇ ಏನು, ಒಳಗಡೆ ತೊಳೆಯೋಕಾಗುತ್ತಾ ಎಂದು ಅಳುತ್ತಿದ್ದರು. ರಾಧಮ್ಮ ತಲೆಗೆ ನೀರು ಹಾಕಿಕೊಂಡಳು. ಸಾರಿನ ತಪ್ಪಲೆಯನ್ನು ಹುಣಿಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದು ಕನ್ನಡಿಯಾಗಿ, ಅದರೊಳಗೆ ಅವಳ ಮುಖವೇ ಅವಳನ್ನು ನೋಡುವ ಹಾಗೆ ಮಾಡಿದಳು. ಮನೆಯೊಳಗೆ ಟೊಮೇಟೊ ಬರುವುದು ನಿಂತಿತು. ನಾಗರಾಜ ದಿನವಿಡೀ ಸಾವಿರಾರು ಮಣ ಟೊಮೇಟೊ ನೋಡಿ ಬಂದು, ನಿಂಬೆಹಣ್ಣಿನ ಸಾರು ಕಲಸಿ ತಿನ್ನುತ್ತಿದ್ದ. ಅದಾದರೂ ನಡೆದೀತು. ಯುಗಾದಿಗೆ ಮುಂಚೆ ಪದ್ದಕ್ಕ ಬಾಗಿಲಲ್ಲೇ ನಿಂತು, ಈ ವರ್ಷ ಸಮಾರಾಧನೆಗೆ ಸಾರು ನಾನೇ ನೋಡ್ಕೋತೀನಿ ರಾಧಮ್ಮ, ನಿಮಗೂ ವಯಸ್ಸಾಯ್ತು, ರೆಸ್ಟ್ ತಗೊಳ್ಳಿ ಎಂದು ಬಹಳ ಪ್ರೀತಿಯಿಂದ ಹೇಳಿ ಹೋದರು. ಪ್ರತಿ ವರ್ಷ ಆ ಹೊತ್ತಿಗೆ ಅಮ್ಮ ಕೊತ್ತಂಬರಿ, ಮೆಣಸು ಹುರಿಯಲು ಕೂರುತ್ತಿದ್ದಳು. ಈ ವರ್ಷ ಹಿತ್ತಿಲ ಬಾಗಿಲಲ್ಲಿ ಸುಮ್ಮನೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಯಾರೋ ನೆಂಟರ ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟುಹೋದ ಹಾಗಿತ್ತು, ಆ ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ನಾಗರಾಜ ಅದನ್ನು ನೋಡಿದ. ನೋಡಿದವನು ನೋಡದವನಂತೆ ಚಪ್ಪಲಿ ಹುಡುಕಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು.

ಅವನ ತಂಗಿ ಶ್ರೀವಾಣಿ, ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು, ತನ್ನ ಕೈಲಾದಷ್ಟು ಹೋರಾಡಿದ್ದಳು. ಮೀನಿನಿಂದ ತೆಗೆಯೋದು ಮೀನಲ್ಲಮ್ಮ, ಮೀನಿಗೆ ಚಳಿ ತಡೆಯೋದು ಹೇಗೆ ಅಂತ ಹೇಳಿಕೊಡೋ ಒಂದು ಪಾಠ ಅಷ್ಟೇ, ಆ ಪಾಠವನ್ನ ಟಮಾಟಕ್ಕೆ ಹೇಳಿಕೊಡೋಕೆ ನೋಡಿದ್ರು ಎಂದಳು. ಮೀನಿನ ಹತ್ತಿರ ಪಾಠ ಹೇಳಿಸಿಕೊಂಡ ಟಮಾಟ ಬ್ರಾಹ್ಮಣರ ಮನೆಗ್ಯಾಕೆ ಬರಬೇಕು ಎಂದಳು ರಾಧಮ್ಮ. ಕೊಳೆಯದ ಹಣ್ಣಿನ ಕತೆಯೇ ಬೇರೆ, ಅದರಲ್ಲಿ ಮೀನಿನ ಸುಳಿವೂ ಇಲ್ಲ, ಹಣ್ಣಿನದೇ ಸ್ವಂತ ಗುಣವೊಂದನ್ನು ತಲೆಕೆಳಗು ಮಾಡಿ ಅದರೊಳಗೇ ಇಟ್ಟರು, ಮೆತ್ತಗಾಗಬೇಕಾದ್ದು ಮೆತ್ತಗಾಗೋದನ್ನೇ ಮರೆಯಿತು ಎಂದಳು ಶ್ರೀವಾಣಿ. ಇದನ್ನು ಕೇಳಿ ನಾಗರಾಜನ ಮೈ ಜುಮ್ಮೆಂದಿತು. ತನ್ನದೇ ಗುಣ ತಲೆಕೆಳಗಾಗಿ ತನ್ನೊಳಗೇ ಕೂತಿದೆ, ನಾಚಬೇಕಾದಾಗ ನಾಚುವುದನ್ನು ಮರೆತಿದೆ, ಎಷ್ಟು ದಿನ ಇಟ್ಟರೂ ಕೊಳೆಯದೆ ಗೂಡಿನಲ್ಲಿ ಹೊಳೆಯುತ್ತಿರುವುದು ತಾನೇ ಎಂದು ಅನ್ನಿಸಿ, ಆ ಯೋಚನೆ ಬಹಳ ಸೊಗಸಾಗಿ ಕಂಡು, ಸೊಗಸಾಗಿ ಕಂಡದ್ದಕ್ಕೆ ಮತ್ತೆ ಪಶ್ಚಾತ್ತಾಪವಾಯಿತು. ಅವನ ಪಶ್ಚಾತ್ತಾಪವೂ ಅವನಂತೆಯೇ, ಕನ್ನಡಿ ನೋಡದೆ ಹೊರಗೆ ಬರುತ್ತಿರಲಿಲ್ಲ. ಶಾಸ್ತ್ರಿಗಳಂತೂ ಮನೆಯಲ್ಲಿದ್ದ ಗ್ರಂಥಗಳನ್ನೆಲ್ಲ ತೆಗೆದು ಧೂಳು ಕೊಡವಿದಾಗ ಬೀದಿಗೆಲ್ಲ ನೆಗಡಿಯಾಯಿತು. ತಿಳಿದು ತಿಂದ ಮೀನಿಗೆ ಪ್ರಾಯಶ್ಚಿತ್ತವಿತ್ತು, ತಿಳಿಯದೆ ತಿಂದದ್ದಕ್ಕಿತ್ತು, ಮೀನು ಬೇಯಿಸಿದ ಪಾತ್ರೆಗಿತ್ತು. ಮೀನು ಹಣ್ಣಾಗಿ ಬಂದರೆ ಏನೆಂದು ಯಾವ ಋಷಿಗೂ ಹೊಳೆದಿರಲಿಲ್ಲ. ಎಸ್.ಟಿ.ಡಿ. ಬೂತಿನಿಂದ ಕೋಲಾರದ ದಾಯಾದಿಗೆ ಫೋನು ಮಾಡಿದರು. ಅವರು ಬಹಳ ಹೊತ್ತು ಯೋಚಿಸಿ, ಪಂಚಗವ್ಯ ಕೊಟ್ಟುಬಿಡು ನರಹರಿ, ಅದಕ್ಕೆ ಆಗದ್ದು ಯಾವುದಿದೆ ಎಂದರು. ಶುದ್ಧಿಯಾದ ಮೇಲೂ ಸೌಟು ರಾಧಮ್ಮನಿಗೆ ಬರುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಆಮೇಲೆ ನೋಡೋಣ ಎಂದಿದ್ದರು ಸೀತಾರಾಮಯ್ಯ. ಅವರು ಆಮೇಲೆ ನೋಡೋಣ ಎಂದ ಯಾವುದನ್ನೂ ಯಾರೂ ಆಮೇಲೆ ನೋಡಿದ್ದಿಲ್ಲ.

ಸಂಕಲ್ಪ ಮುಗಿಯಿತು. ನೀರು ಪ್ರೋಕ್ಷಣೆಯಾಯಿತು. ಹೇಳಿಬಿಡಬೇಕು, ಈಗ ಹೇಳಿಬಿಡಬೇಕು ಎಂದು ನಾಗರಾಜ ಒಳಗೊಳಗೇ ಮಾತು ಜೋಡಿಸಿದ. ಮೊದಲು ಸಂಸ್ಕೃತದ ಒಂದು ಪದ ಹಾಕಿ ಗಂಭೀರವಾಗಿ ಶುರು ಮಾಡಿದ. ಅದು ಭಾಷಣವಾಯಿತೆಂದು ಅಳಿಸಿ ಸಾದಾ ಮಾಡಿದ. ಸಾದಾ ಆದದ್ದು ಕೇಳಲು ಬಹಳ ಸಣ್ಣದಾಗಿ ಕಂಡು, ಇಷ್ಟು ದೊಡ್ಡ ಸುಳ್ಳಿಗೆ ಇಷ್ಟು ಸಣ್ಣ ನಿಜವೇ ಎಂದು ಬೇಸರವಾಯಿತು. ಆ ಹೊತ್ತಿಗೆ ಸರಿಯಾಗಿ ಬೀದಿ ಬಾಗಿಲಲ್ಲಿ ನೆರಳು ಬಿತ್ತು. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಮಂಕರಿ, ಮಂಕರಿಯ ತುಂಬ ಕೆಂಪಗೆ ಹೊಳೆಯುವ ಟೊಮೇಟೊ. ಹೋಳೂರಿನ ಗಂಗುಲಪ್ಪ. ಮಗಳ ಮದುವೆಗೆ ಶಾಸ್ತ್ರಿಗಳ ಹತ್ತಿರ ಮುಹೂರ್ತ ಕೇಳಲು ಬಂದಿದ್ದ, ಬರಿಗೈಲಿ ಯಾಕೆಂದು ತೋಟದ್ದನ್ನು ತಂದಿದ್ದ. ಟೊಮೇಟೊ ಕಂಡು ಪದ್ದಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಶಾಸ್ತ್ರಿಗಳು ಕಣ್ಣಿನಲ್ಲೇ ಅಲ್ಲೇ ಕೂತ್ಕೋ ಎಂದರು. ಗಂಗುಲಪ್ಪ ಜಗಲಿಯ ಕಂಬಕ್ಕೆ ಒರಗಿ, ಇದ್ಯಾವ ಹಬ್ಬವೋ ನೋಡೇ ಬಿಡೋಣ ಎಂದು ಹಾಯಾಗಿ ಕೂತ.

ಸಾರು ಮಾಡಿದವಳು ರಾಧಮ್ಮನಾದ್ದರಿಂದ ಮೊದಲ ಉದ್ಧರಣೆ ಪಂಚಗವ್ಯ ಅವಳಿಗೆ. ಅವಳು ಬಲಗೈ ಚಾಚಿದಳು. ಆ ಅಂಗೈ ನಾಗರಾಜನಿಗೆ ಗೊತ್ತಿದ್ದದ್ದೇ. ಒನಕೆ ಹಿಡಿದು ಬುಡದಲ್ಲಿ ಗಟ್ಟಿಯಾಗಿತ್ತು. ತಪ್ಪೊಂದೂ ಮಾಡದ ಆ ಕೈ ತಪ್ಪು ಮಾಡಿದ ಕೈಯಂತೆ ಅರ್ಧ ಮಡಚಿಕೊಂಡು, ಎಲ್ಲರ ಮುಂದೆ ಹೀಗೆ ಚಾಚಿಕೊಂಡಿರುವುದನ್ನು ನೋಡಿ ಅವನ ಎದೆಯೊಳಗಿದ್ದ ಅಷ್ಟೂ ಅಲಂಕಾರ ಕಳಚಿಬಿತ್ತು.

‘ಅಪ್ಪ, ನಿಲ್ಸಿ. ಅದು ಅಮೆರಿಕಾದ ಹಣ್ಣಲ್ಲ. ಈ ಗಂಗುಲಪ್ಪನ ತೋಟದ್ದು. ನಾನು ಸುಳ್ಳು ಹೇಳಿದ್ದೆ.’

ಅಟ್ಟದ ಮೇಲೆ ಹಲ್ಲಿಯೊಂದು ಲೊಚಗುಟ್ಟಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಿತು. ಈಗ ಬೀಳುತ್ತದೆ ಆಕಾಶ ಎಂದು ನಾಗರಾಜ ತಲೆ ಬಗ್ಗಿಸಿ ಕಾದ. ಅಪ್ಪನ ಕೋಪ, ಪದ್ದಕ್ಕನ ಬಾಯಿ, ಸೀತಾರಾಮಯ್ಯನವರ ಕಟ್ಟೆ, ಎಲ್ಲವೂ ಒಟ್ಟಿಗೆ ಬರಲಿ, ಬಂದರೆ ಹಗುರಾಗುತ್ತೇನೆ ಎಂದು ಆಸೆಪಟ್ಟ. ಬಂದದ್ದು ಮಾತ್ರ ಕಂಬದ ಕಡೆಯಿಂದ ಬಂತು.

‘ಅದೇಂ ಮಾಟ, ಅದೇನ್ ಮಾತು ಸಾಮಿ,’ ಎಂದ ಗಂಗುಲಪ್ಪ, ನೊಂದ ದನಿಯಲ್ಲಿ. ‘ನನ್ ಟಮಾಟ ಅಮೆರಿಕಾದ್ದಲ್ವಾ? ಮದ್ರಾಸ್ ಸಾವ್ಕಾರ್ರು ಒಪ್ಪವ್ರೆ, ಕಲ್ಕತ್ತಾದೋರು ಒಪ್ಪವ್ರೆ. ನಿಮಗೇನಾಯ್ತು?’

ಆಗ ನಾಗರಾಜನಿಗೆ ಎಲ್ಲ ನೆನಪಾಯಿತು. ಮಂಡಿಯಲ್ಲೂ ಅವನ ಬಾಯಿ ಸುಮ್ಮನಿರಲಿಲ್ಲ. ಅಮೆರಿಕಾದ ಕೊಳೆಯದ ಹಣ್ಣು ಹೀಗೇ ಇರುತ್ತದೆ ಎಂದು ಗಂಗುಲಪ್ಪನ ಬಾಕ್ಸಿನ ಹಣ್ಣು ಎತ್ತಿ ತೋರಿಸಿದವನು ಅವನೇ. ಅದು ಹರಾಜು ಕೂಗುವವನ ಬಾಯಿಗೆ ಹೋಗಿ, ಅಲ್ಲಿಂದ ಲಾರಿಯವರ ಬಾಯಿಗೆ ಹೋಗಿ, ಈಗ ವಡ್ಡಹಳ್ಳಿಯಲ್ಲಿ ಅವನಿಗೆ ಅಮೆರಿಕಾ ಗಂಗುಲಪ್ಪ ಎಂದೇ ಹೆಸರು. ಮಗಳಿಗೆ ಚಿಂತಾಮಣಿಯ ಕಡೆಯಿಂದ ಒಳ್ಳೆಯ ಗಂಡು ಬಂದದ್ದೂ ಆ ಹೆಸರಿನಿಂದಲೇ. ಮುಹೂರ್ತಕ್ಕೆ ಬಂದ ಮನೆಯಲ್ಲೇ ಆ ಹೆಸರು ಕಿತ್ತುಕೊಂಡರೆ ಯಾವ ತಂದೆ ತಡೆದಾನು? ಬೀಜ ತನ್ನ ಬಾಮೈದ ವಿಮಾನದಲ್ಲಿ ತರಿಸಿದ್ದು ಎಂದ. ವಿಮಾನದಲ್ಲಿ ಬೀಜಕ್ಕೇ ಒಂದು ಸೀಟು ಹಿಡಿಸಿದ್ದರಂತೆ. ಗಂಗುಲಪ್ಪ ಹೇಳುತ್ತ ಹೋದಂತೆ ನಾಗರಾಜ ತನ್ನ ಸುಳ್ಳು ಪರರ ಮನೆಯಲ್ಲಿ ಬೆಳೆದು ದೊಡ್ಡದಾಗಿ, ಮೀಸೆ ಬಂದು, ತನ್ನ ಗುರುತೂ ಹಿಡಿಯದೆ ಎದುರಿಗೆ ನಿಂತದ್ದನ್ನು ಕಂಡು ಬೆರಗಾದ. ಅವನ ನಿಜವನ್ನು ಆ ಮನೆಯಲ್ಲಿ ಯಾರೂ ಕೈಗೆತ್ತಿಕೊಳ್ಳಲೇ ಇಲ್ಲ. ಬಾಡಿದ ಸೊಪ್ಪನ್ನು ಸಂತೆಯಲ್ಲಿ ಬಿಟ್ಟು ಹೋಗುವ ಹಾಗೆ ದಾಟಿ ಹೋದರು.

‘ಹಾಗಾದ್ರೆ ಮೀನಿದೆ,’ ಎಂದರು ಪದ್ದಕ್ಕ, ಸೆರಗಿನೊಳಗಿಂದ.

ಗಂಗುಲಪ್ಪನಿಗೆ ಪತ್ರಿಕೆಯ ಸುದ್ದಿ ತಿಳಿದಿರಲಿಲ್ಲ. ತನ್ನ ಬೇಸಾಯವನ್ನು ಹೊಗಳುತ್ತಿದ್ದಾರೆಂದು ಅವನು ಅರಳಿದ.

‘ಮೀನಿಲ್ದೆ ಎಂಗಮ್ಮ ಬೆಳೀತದೆ? ಹೋಳೂರ್ ಕೆರೆ ಬತ್ತಿದಾಗ ಗೋಡು ಗಾಡಿಗಟ್ಲೆ ಹೊಡ್ದಿದ್ದೀನಿ ತೋಟಕ್ಕೆ. ಆ ಗೋಡಲ್ಲಿ ಎಷ್ಟು ಮೀನು ಸತ್ತು ಮಣ್ಣಾಗವೋ ದೇವ್ರಿಗೇ ಗೊತ್ತು. ಮುಳ್ಳು ಕಾಲಿಗೆ ಚುಚ್ತವೆ ಇನ್ನೂವೆ.’

ಕೆರೆಯ ತಳದ ಆ ಕಪ್ಪು ಮಣ್ಣು ಯಾರ ಹೊಲಕ್ಕೆ ಬೀಳುವುದಿಲ್ಲ? ಕೋಲಾರದ ಸೀಮೆಯಲ್ಲಿ ಬೇಸಿಗೆ ಬಂದರೆ ಕೆರೆಗಿಳಿದ ಗಾಡಿಗಳು ಊರಿನಿಂದ ಊರಿಗೆ ಜಡೆ ಹೆಣೆದ ಹಾಗೆ ಸಾಲುಗಟ್ಟುತ್ತವೆ. ಗಂಗುಲಪ್ಪ ಒಂದೊಂದಾಗಿ ಬಿಚ್ಚಿದ: ನೀವು ತಿನ್ನುವ ಮೂಲಂಗಿಗೆ ಅದೇ ಗೋಡು, ಅವರೇಕಾಯಿಗೆ ಅದೇ ಗೋಡು, ರಾಗಿಗೆ ಅದೇ, ವೇಮಗಲ್ಲಿನ ಸೊಪ್ಪಿಗೆ ಅದೇ. ಆಮೇಲೆ ಕೈಮುಗಿದು, ಆಚೆ ವರ್ಷದ ಬೇಸಿಗೆಯಲ್ಲಿ ಈ ಯಜಮಾನರ ಬದನೆ ತೋಟಕ್ಕೂ ನಮ್ಮ ಅಣ್ಣನ ಗಾಡಿಯೇ ಹೊಡೆದದ್ದು, ಗೋಡು ನೋಡಿ ಖುಷಿಯಾಗಿ ಕಾಫಿ ಕೊಡಿಸಿದರು ಎಂದು ಸೀತಾರಾಮಯ್ಯನವರ ಕಡೆ ತಿರುಗಿ ಹಲ್ಲು ಬಿಟ್ಟ. ಸೀತಾರಾಮಯ್ಯನವರ ಕೈ ಹೊಟ್ಟೆಯ ಮೇಲಿದ್ದದ್ದು ನಿಧಾನವಾಗಿ ಮೊಣಕಾಲಿಗೆ ಇಳಿಯಿತು.

ಚಾಚಿದ ಕೈಯನ್ನು ರಾಧಮ್ಮ ಹಿಂದಕ್ಕೆ ತೆಗೆದುಕೊಂಡಳು. ಮಣೆಯಿಂದ ಎದ್ದು ಸೆರಗು ಸರಿ ಮಾಡಿಕೊಂಡಳು. ಇಷ್ಟು ದಿನ ಬಾಗಿಲ ಸಂದಿಯಲ್ಲಿ ನಿಂತು ಮಾತಾಡುತ್ತಿದ್ದವಳು ನಡುಮನೆಯ ನಡುವಿಗೆ ಬಂದಳು.

‘ಪದ್ದಕ್ಕ, ನಿಮ್ಮ ತೋಟದ ಬದನೇಕಾಯಿ ಹುಳಿ ಹೋದ ರಾಮೋತ್ಸವದಲ್ಲಿ ಯಾರ್ ಯಾರು ತಿಂದ್ರು ಅಂತ ನೆನಪಿದೆಯಾ? ಅವರನ್ನೂ ಕರೀರಿ. ಮಣೆ ಸಾಲದಿದ್ರೆ ಆಂಜನೇಯನ ಗುಡಿಯಿಂದ ತರಿಸೋಣ.’

ಊರಿನ ಅಷ್ಟೂ ಜನ, ಅವರ ನೆಂಟರಿಷ್ಟರು, ಆ ವರ್ಷ ಪ್ರಸಾದ ಕಟ್ಟಿಕೊಂಡು ಹೋದ ತಿರುಪತಿಯ ಬಸ್ಸಿನವರು, ಎಲ್ಲರೂ ಒದ್ದೆ ಬಟ್ಟೆಯಲ್ಲಿ ಸಾಲಾಗಿ ಕೂತ ಚಿತ್ರ ಎಲ್ಲರ ಕಣ್ಣ ಮುಂದೆ ಒಂದೇ ಸಲ ಬಂತು. ಅಷ್ಟು ಜನಕ್ಕೆ ಪಂಚಗವ್ಯ ಒದಗಿಸಬೇಕಾದರೆ ತಾಲ್ಲೂಕಿನ ಹಸುಗಳು ಊರು ಬಿಟ್ಟು ಆಂಧ್ರಕ್ಕೆ ಓಡಬೇಕಾಗುತ್ತಿತ್ತು. ಮೊದಲು ಶ್ರೀವಾಣಿ ನಕ್ಕಳು. ಶಾಸ್ತ್ರಿಗಳು ಕಣ್ಣು ಮುಚ್ಚಿದರು. ಗ್ರಂಥಗಳನ್ನೆಲ್ಲ ಹುಡುಕಿದರೂ ಸಿಗದಿದ್ದದ್ದು ಈಗ ಅವರಿಗೆ ಜಗಲಿಯಲ್ಲೇ ಸಿಕ್ಕಿತ್ತೋ ಏನೋ, ಕಣ್ಣು ತೆರೆದಾಗ ಮುಖ ತಿಳಿಯಾಗಿತ್ತು. ಮಣ್ಣಾದ ಮೇಲೆ ಮೀನು ಮೀನಲ್ಲ, ಭೂಮಿಗಿಂತ ದೊಡ್ಡ ಪುಣ್ಯಾಹ ನಾನು ಮಾಡಲಾರೆ ಎಂದು ಹೇಳಿ, ಬಟ್ಟಲನ್ನು ತುಳಸಿಯ ಬುಡಕ್ಕೆ ಬಗ್ಗಿಸಿದರು. ಇನ್ನು ಸೀತಾರಾಮಯ್ಯನವರು. ಅವರು ಗಂಟಲು ಸರಿಮಾಡಿಕೊಂಡು, ಸಮಾರಾಧನೆಗೆ ದಿನ ಹತ್ತಿರ ಬಂತು, ಸಾರಿನ ಪುಡಿ ಹುರಿಯೋಕೆ ಇವತ್ತೇ ಶುರು ಮಾಡಿಬಿಡಿ ರಾಧಮ್ಮ ಎಂದರು. ನಿಂಬೆಹಣ್ಣಿನ ಸಾರು ಅವರ ಮನೆಯಲ್ಲೂ ಮಾಘದಿಂದ ನಡೆದಿತ್ತು, ಅವರ ಕಣ್ಣಿನಲ್ಲಿ ನೀರು ನಿಂತಿತ್ತು. ಪದ್ದಕ್ಕ ಮೂಗಿನಿಂದ ಸೆರಗು ತೆಗೆದು, ಹಾಗಾದ್ರೆ ಹುಳಿ ನಾನು ನೋಡ್ಕೋತೀನಿ ಎಂದರು.

ಎಲ್ಲರೂ ಹೋದ ಮೇಲೆ ನಾಗರಾಜ ಅಡಿಗೆಮನೆಗೆ ಹೋದ. ಅಮ್ಮ ಗಂಗುಲಪ್ಪನ ಮಂಕರಿಯಿಂದ ಹಣ್ಣು ಆರಿಸುತ್ತಿದ್ದಳು, ಕೈಗಳಿಗೆ ಕೆಲಸ ಸಿಕ್ಕಿ ಅವು ಹತ್ತು ವರ್ಷ ಚಿಕ್ಕವಾಗಿದ್ದವು. ಅವನು ಬಾಗಿಲಲ್ಲಿ ನಿಂತು, ಅಮ್ಮ, ನಾನು ಹೇಳಿದ್ದು ನಿಜ, ಅದು ಅಮೆರಿಕಾದ್ದಲ್ಲ, ನಿನಗೆ ಇಷ್ಟೆಲ್ಲ ಆಗಿದ್ದು ನನ್ನಿಂದ ಎಂದ. ಆ ಮಾತನ್ನು ಅವಳಾದರೂ ತೆಗೆದುಕೊಳ್ಳಲಿ ಎಂದು ಅಷ್ಟೂ ಹೊತ್ತು ಹೊತ್ತುಕೊಂಡು ಬಂದಿದ್ದ. ರಾಧಮ್ಮ ತಿರುಗಿ ನೋಡಿ, ಬಾಗಿಲಾಚೆ ಯಾರಾದರೂ ಇದ್ದಾರೋ ಎಂದು ಕತ್ತು ಚಾಚಿದಳು.

‘ಮೆಲ್ಲಗೆ ಮಾತಾಡೋ. ಈ ಸಲ ಸಮಾರಾಧನೇಲಿ ಅಮೆರಿಕಾದ ಹಣ್ಣಿನ ಸಾರು ಅಂತ ಮುನಿಶಾಮಮ್ಮನಿಗೆ ಹೇಳಿ ಆಯ್ತು. ಇಷ್ಟು ಹೊತ್ತಿಗೆ ಶ್ರೀನಿವಾಸಪುರ ದಾಟಿರುತ್ತೆ.’

ಹಾಲು ಕೊಡುವ ಮುನಿಶಾಮಮ್ಮನಿಗೆ ಹೇಳಿದರೆ ಡಂಗುರ ಸಾರಿಸುವ ಖರ್ಚು ಉಳಿಯುತ್ತದೆ ಎಂದು ಊರಿಗೆಲ್ಲ ಗೊತ್ತು. ನಾಗರಾಜ ಅಲ್ಲೇ ನಿಂತ. ಅಮ್ಮನ ಕಣ್ಣಿನಲ್ಲಿ ಹೊಳೆಯುತ್ತಿದ್ದದ್ದು ತನಗೆ ಬಹಳ ಪರಿಚಯದ್ದು, ತನ್ನ ಎದೆಯನ್ನು ಒಂದಂಗುಲ ಮುಂದೆ ನಡೆಸಿದ್ದು ಅದೇ. ಅದು ತನಗೆ ಎಲ್ಲಿಂದ ಬಂತೆಂದು ಅವನು ಈವರೆಗೆ ಯೋಚಿಸಿರಲಿಲ್ಲ. ಶಾಸ್ತ್ರಿಗಳಿಂದ ಬಂದಿರಲಾರದು ಎಂದಷ್ಟೇ ಗೊತ್ತಿತ್ತು. ಇಷ್ಟು ದಿನ ಹೊಟ್ಟೆಯಲ್ಲಿ ಸಾಕಿದ್ದ ಪಾಪಕ್ಕೆ ಊರಿನಲ್ಲಿ ಒಬ್ಬ ಗಿರಾಕಿಯೂ ಇಲ್ಲವಲ್ಲ ಎಂದು ಒಂದು ಗಳಿಗೆ ಅವಮಾನವೇ ಆಯಿತು. ಆಮೇಲೆ ಹಸಿವಾಯಿತು.

ಆ ವರ್ಷದ ಸಮಾರಾಧನೆಗೆ ಬಂದ ಜನವನ್ನು ಎಣಿಸಲು ಹೋದವರು ಇನ್ನೂ ಎಣಿಸುತ್ತಿದ್ದಾರೆ. ಭಜನೆ ಮಂದಿರ ತುಂಬಿ, ಬೀದಿ ತುಂಬಿ, ಎಲೆಯ ಸಾಲು ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿ ಕೋಲಾರದ ಬಸ್ಸೊಂದು ತಿರುಗಲು ಜಾಗವಿಲ್ಲದೆ ನಿಂತು, ಡ್ರೈವರು ಕಂಡಕ್ಟರು ಇಬ್ಬರೂ ಇಳಿದು ಊಟಕ್ಕೆ ಕೂತರು. ರಾಧಮ್ಮ ಹಂಡೆಯ ಮುಂದೆ, ಹೊಗೆಯ ನಡುವೆ, ಉದ್ದನೆಯ ಸೌಟು ಹಿಡಿದು ನಿಂತಿದ್ದಳು. ಒಗ್ಗರಣೆ ಬಿದ್ದಾಗ ಊರೊಂದು ಸಲ ಉಸಿರು ಹಿಡಿಯಿತು. ನಾಗರಾಜ ಬಕೀಟು ಹಿಡಿದು ಸಾಲಿನಲ್ಲಿ ಸಾರು ಸಾರು ಎನ್ನುತ್ತ ಹೊರಟ. ಸಾಲಿನ ನಡುವೆ, ಬಿಳಿ ಮೀಸೆಯ ಮಾಲೂರಿನ ಯಜಮಾನರೊಬ್ಬರು ಅನ್ನದಲ್ಲಿ ಗುಂಡಿ ತೋಡಿ ಕಾಯುತ್ತಿದ್ದವರು, ಒಂದು ಸೌಟು ಬಿದ್ದದ್ದೇ ಕೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದರು. ಇದಕ್ಕೇ ಅಂತ ಬಂದಿದೀನಿ ಕಣಪ್ಪ, ನಿಜ ಹೇಳು, ಇದು ಅಮೆರಿಕಾದ ಹಣ್ಣೇನಾ ಎಂದು ಕೇಳಿದರು. ಅಕ್ಕಪಕ್ಕದ ಎಲೆಗಳಲ್ಲಿ ಕೈಗಳು ನಿಂತವು. ನಾಗರಾಜ ತಿರುಗಿ ನೋಡಿದ. ಹೊಗೆಯಾಚೆ ಅಮ್ಮ ಸೌಟು ಎತ್ತಿ ಹಿಡಿದು ಇತ್ತಲೇ ನೋಡುತ್ತಿದ್ದಳು.

‘ಹೌದು. ಅಮೆರಿಕಾ... ಅಂದ್ರೆ, ಅಮೆರಿಕಾದ್ದೇ,’ ಎಂದ ಅವನು.

ನಾಲಿಗೆ ತೊದಲಿತು. ಕಾರು, ಸಾಹೇಬರು, ಮಖಮಲ್ಲು, ಒಂದೂ ಬಾಯಿಗೆ ಬರಲಿಲ್ಲ. ತಾನು ದೊಡ್ಡವನಾಗಿ ಕಾಣಬೇಕೆಂಬ ಆಸೆಯೊಂದಿಷ್ಟೂ ಇಲ್ಲದೆ ಅವನು ಆಡಿದ ಮೊದಲ ಸುಳ್ಳು ಅದು, ಹೇಗೆ ಆಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಕೆನ್ನೆ ಕಿವಿಯೆಲ್ಲ ಕೆಂಪಾಗಿ, ಬಕೀಟಿನೊಳಗಿನ ಸಾರಿಗೂ ಅವನ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಯಜಮಾನರು ಅವನನ್ನೇ ಒಂದು ಕ್ಷಣ ನೋಡಿ, ಮೀಸೆಯಡಿ ನಕ್ಕು, ಬೆರಳದ್ದಿ ಒಂದು ಸಲ ನೆಕ್ಕಿ, ಕಣ್ಣು ಮುಚ್ಚಿ ತೆರೆದು, ಅಡ್ಡ ಹಿಡಿದಿದ್ದ ಕೈ ತೆಗೆದರು.

‘ಹೋಗ್ಲಿ ಬಿಡಪ್ಪ, ಯಾವೂರದ್ದಾದ್ರೂ ಆಗ್ಲಿ. ಇನ್ನೊಂದು ಸೌಟು ಹಾಕು.’

ನಾಗರಾಜ ಹಾಕಿದ. ಇನ್ನೊಂದು ಕೇಳಿದರು, ಅದನ್ನೂ ಹಾಕಿದ. ಗುಂಡಿ ತುಂಬಿ, ದಡ ಒಡೆದು, ಸಾರು ಎಲೆಯ ಅಂಚಿನತ್ತ ಓಡಿತು. ಯಜಮಾನರು ಎರಡೂ ಕೈ ಒಡ್ಡಿ ಅದನ್ನು ತಡೆಯುತ್ತಿದ್ದರು.